ಪ್ಲೈವುಡ್ ದೋಣಿಗೆ ಮನೆಯಲ್ಲೇ ಮಾಡಿದ ಸೀಲರ್ ಮತ್ತು ವಾರ್ನಿಷ್ ಸಾಕಾ, ಎಪಾಕ್ಸಿ ಬೇಕೇ ಬೇಕಾ?

ಪಯಸ್ವಿನಿ ಬದಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಹೊಳೆಯ ಎರಡೂ ಬದಿಗೆ ಉಂಟು. ಬೇಸಿಗೆಯಲ್ಲಿ ನಡೆದೇ ದಾಟುತ್ತೇವೆ. ಮಳೆ ಕಡಿಮೆಯಾದ ಮೇಲೆ ಜನವರಿವರೆಗೆ ಗೊಬ್ಬರ, ಅಡಿಕೆ ಗೊನೆ ದಾಟಿಸಲಿಕ್ಕೆ ದೋಣಿಯೇ ಆಗಬೇಕು. ಹಳೆಯ ದೋಣಿಯ ಅಡಿ ಹಲಗೆ ಕುಂಬಾಗಿ ಹೋಗಿದೆ. ಹೆಬ್ಬಲಸಿನ ಹಲಗೆಗೆ ಈಗಿನ ಕ್ರಯ ಕೇಳಿದರೆ ದೋಣಿಯ ಆಸೆಯೇ ಬಿಟ್ಟುಹೋಗುತ್ತದೆ. ಹಾಗಾಗಿ ಪ್ಲೈವುಡ್‌ನಲ್ಲಿ 12 ಅಡಿ ಉದ್ದದ, ಅಡಿ ಚಪ್ಪಟೆ ಇರುವ ಒಂದು ದೋಣಿ ಮಾಡುವ ಅಂತ ಇದ್ದೇನೆ.

ನನ್ನ ಹತ್ತಿರ ಇರುವ ಲೆಕ್ಕ ಇದು: ಡಬಲ್ ಬಾಯಿಲ್ಡ್ ಲಿನ್ಸೀಡ್ ಎಣ್ಣೆ (ಅಗಸೆ ಎಣ್ಣೆ) ಒಂದು ಪಾಲು, ಟರ್ಪಂಟೈನ್ ಒಂದು ಪಾಲು, ವಾರ್ನಿಷ್ ಒಂದು ಪಾಲು. ಇದನ್ನು ಪ್ಲೈ ಕುಡಿಯುವಷ್ಟು ಕುಡಿಸುವುದು, ಒಣಗಿದ ಮೇಲೆ ಮೂರು ನಾಲ್ಕು ಕೋಟ್ ವಾರ್ನಿಷ್. ಹಾರ್ಡನರ್ ಕಲಸಿದರೆ ಗಟ್ಟಿಯಾಗುವ ರೆಸಿನ್ ಉಂಟಲ್ಲ, ಎಪಾಕ್ಸಿ, ಅದನ್ನೇ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರ ದುಡ್ಡಿನಲ್ಲಿ ಇನ್ನೊಂದು ಶೀಟ್ ಬರುತ್ತದೆ. ಈ ಮನೆಮದ್ದು ಹೊಳೆ ನೀರಿಗೆ ನಿಲ್ಲುತ್ತದಾ? ಗೊತ್ತಿದ್ದವರು ಹೇಳಿ.

ಗಡಿನಾಡ ಹುಡುಗ:
ಅಣ್ಣ, ಯೂಟ್ಯೂಬಿನಲ್ಲಿ ಥರ್ಮೊಕೋಲನ್ನು ಥಿನ್ನರ್‌ನಲ್ಲಿ ಕರಗಿಸಿ ಬಳಿಯುವುದು ನೋಡಿದ್ದೆ. ಬಿಳಿ ಅಂಟಿನ ಹಾಗೆ ಆಗುತ್ತದೆ, ನೀರು ಒಂದು ತೊಟ್ಟು ಒಳಗೆ ಹೋಗುವುದಿಲ್ಲ ಅಂತ ತೋರಿಸಿದರು. ಖರ್ಚೇ ಇಲ್ಲ. ಫ್ರಿಜ್ಜು ಬಂದ ಪೆಟ್ಟಿಗೆಯಲ್ಲಿ ಇರುವಷ್ಟು ಥರ್ಮೊಕೋಲ್ ಸಾಕು.

ಬದಿಯಡ್ಕ ಆಚಾರಿ:
ತಮ್ಮಾ, ಅದು ವಿಡಿಯೋ ಮುಗಿಯುವವರೆಗೆ ನಿಲ್ಲುತ್ತದೆ. ಒಣಗಿದ ಮೇಲೆ ಗಡುಸಾಗಿ, ಬಗ್ಗಿದರೆ ಬಿರಿಯುತ್ತದೆ. ದೋಣಿಯ ಅಡಿ ಪ್ರತಿ ಸಲ ಕಾಲಿಟ್ಟಾಗ ಬಗ್ಗುತ್ತದೆ ಅಲ್ವಾ? ಬಿಸಿಲಿಗೆ ಹಳದಿಯಾಗಿ ಪುಡಿಪುಡಿ ಆಗುತ್ತದೆ. ಥಿನ್ನರ್ ಹಬೆಗೆ ಬೆಂಕಿ ತಾಗಿದರೆ ಮತ್ತೆ ದೋಣಿಯೂ ಬೇಡ, ಶೆಡ್ಡೂ ಇಲ್ಲ.

ಈಗ ಪಯಸ್ವಿನಿಯವರಿಗೆ. ಬಳಿಯುವುದರ ಬಗ್ಗೆ ಆಮೇಲೆ ಮಾತಾಡುವ. ಯಾವ ಪ್ಲೈ ತರುತ್ತೀರಿ? ಮನೆಯ ಕಪಾಟಿಗೆ ಹಾಕುವ ಎಂಆರ್ (ತೇವ ಮಾತ್ರ ತಡೆಯುವ) ಪ್ಲೈ ಆದರೆ ಅದರ ಒಳಗಿನ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ನೀರಲ್ಲಿ ನೆನೆದರೆ ಪದರ ಪದರ ಬಿಡುತ್ತದೆ. ನೀವು ಹೊರಗಿನಿಂದ ಚಿನ್ನ ಬಳಿದರೂ ಅಷ್ಟೇ. ದೋಣಿಗೆ ಬೇಕಾದದ್ದು ಐಎಸ್ 710 ಎಂಬ ಭಾರತೀಯ ಮಾನದಂಡದ್ದು, ಅಂದರೆ ಮೆರೈನ್ ಪ್ಲೈ. ಅದರ ಅಂಟು ಫಿನಾಲ್ ಫಾರ್ಮಾಲ್ಡಿಹೈಡ್, ಕುದಿಯುವ ನೀರಲ್ಲಿ 72 ಗಂಟೆ ಇಟ್ಟರೂ ಬಿಡಬಾರದು ಅಂತ ನಿಯಮ. ಐಎಸ್ 303ರಲ್ಲಿ ಬರುವ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ದರ್ಜೆ) ನಡುವಿನದ್ದು. ಹಗಲು ನೀರಿಗಿಟ್ಟು ಸಂಜೆ ಎಳೆದು ಹಾಕುವ ಸಣ್ಣ ದೋಣಿಗೆ ಆದೀತು, ಆದರೆ ನಾನು ಅದನ್ನು ಅಡಿಗೆ ಹಾಕುವುದಿಲ್ಲ.

ಶೀಟಿನ ಮೇಲೆ ಸೀಲು ಇದೆ ಅಂತ ನಂಬಿ ಬರಬೇಡಿ. ಐಎಸ್‌ಐ ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಂಗಡಿಯಲ್ಲಿ ಒಂದು ಅಂಗೈಯಷ್ಟು ತುಂಡು ಕೇಳಿ ತನ್ನಿ. ಬಚ್ಚಲ ಒಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ಅದನ್ನು ಮುಳುಗಿಸಿ ಇಡೀ ದಿನ ಕುದಿಸಿ. ಅಡಿಕೆ ಸಿಪ್ಪೆಗೆ ನಿಮ್ಮಲ್ಲಿ ಬರಗಾಲ ಇಲ್ಲವಲ್ಲ. ಸಂಜೆ ತೆಗೆದು ಅಂಚಿಗೆ ಉಳಿ ಮೊನೆ ಹಾಕಿ ಎತ್ತಿ ನೋಡಿ. ಮರದ ನಾರೇ ಹರಿದು ಬಂದರೆ ಅಂಟು ಗಟ್ಟಿ. ಪದರ ನುಣ್ಣಗೆ ಬಿಟ್ಟುಕೊಂಡರೆ ಅಂಗಡಿಯವನಿಗೆ ವಾಪಸ್. ಸ್ನಾನದ ಹಂಡೆಯಲ್ಲಿ ಮಾತ್ರ ಹಾಕಬೇಡಿ, ನೀರು ಕೆಂಪಾಗಿ ವಾಸನೆ ಬರುತ್ತದೆ.

ಕುಂಬಳೆ ಮಾಷ್ಟ್ರು:
ಆಚಾರಿಯವರು ಹೇಳಿದ್ದು ಸರಿ. ಎಣ್ಣೆಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿದ ಚಟ.

ಲಿನ್ಸೀಡ್ ಎಣ್ಣೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕ ಹಿಡಿದುಕೊಂಡು ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪೊರೆ ಆಗುತ್ತದೆ. ಯಾವ ಎಣ್ಣೆ ಹೀಗೆ ಒಣಗುತ್ತದೆ ಅಂತ ತಿಳಿಯಲು ಅಯೋಡಿನ್ ಸಂಖ್ಯೆ ನೋಡುತ್ತಾರೆ. ಅಗಸೆ ಎಣ್ಣೆಗೆ ಅದು 170ರಿಂದ 200ರ ಆಸುಪಾಸು. ನಮ್ಮ ತೆಂಗಿನೆಣ್ಣೆಗೆ 6ರಿಂದ 11. ಅಂದರೆ ತೆಂಗಿನೆಣ್ಣೆ ವರ್ಷಗಟ್ಟಲೆ ಇಟ್ಟರೂ ಒಣಗದು, ಮರದ ಮೇಲೆ ಜಿಡ್ಡಾಗಿಯೇ ಇರುತ್ತದೆ. ಮನೆಯಲ್ಲಿ ಹೇಗೂ ಉಂಟು ಅಂತ ಯಾರೂ ಅದನ್ನು ಬಳಿಯಬೇಡಿ. ಬೂತಾಯಿ ಎಣ್ಣೆಯ ಸಂಖ್ಯೆ ಮಾತ್ರ ಅಗಸೆಯ ಹತ್ತಿರಕ್ಕೆ ಬರುತ್ತದೆ. ಕರಾವಳಿಯಲ್ಲಿ ಹಿಂದೆ ಮರದ ದೋಣಿಗಳಿಗೆಲ್ಲ ಮೀನೆಣ್ಣೆ ಬಳಿಯುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ವಾಸನೆ ಸಹಿಸುವವರಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ.

ಇನ್ನು ಗೇರುಬೀಜದ ಸಿಪ್ಪೆಯ ಎಣ್ಣೆ. ಇದೂ ದೋಣಿಗೆ ಬಳಸುತ್ತಿದ್ದದ್ದೇ, ಬಲೆಗೂ ಹಾಕುತ್ತಿದ್ದರು. ಹುಳ ಹತ್ತಿರ ಬಾರದು. ಆದರೆ ಹಸಿ ಎಣ್ಣೆ ಕೈಗೆ ತಾಗಿದರೆ ಚರ್ಮ ಏಳುತ್ತದೆ, ಗೇರುಬೀಜ ಸುಟ್ಟು ತಿಂದವರಿಗೆಲ್ಲ ಗೊತ್ತು. ಒಣಗಲು ತುಂಬಾ ದಿನ ಬೇಕು, ಬಣ್ಣ ಕಪ್ಪು. ಅದರ ಮೇಲೆ ವಾರ್ನಿಷ್ ಚೆನ್ನಾಗಿ ಹಿಡಿಯುವುದೂ ಇಲ್ಲ.

ಗಡಿನಾಡ ಹುಡುಗ:
ಮಾಷ್ಟ್ರೇ, ಹಾಗಾದರೆ ತೋಟಕ್ಕೆ ಕೊಳೆರೋಗಕ್ಕೆ ಬಿಡುವ ಬೋರ್ಡೋ ಬಳಿದರೆ? ಮೈಲುತುತ್ತು ಬೂಸ್ಟಿಗೆ ಒಳ್ಳೆಯದಲ್ವಾ, ಮರ ಕುಂಬಾಗುವುದೂ ಬೂಸ್ಟಿನಿಂದಲೇ ತಾನೆ.

ಕುಂಬಳೆ ಮಾಷ್ಟ್ರು:
ಯೋಚನೆ ತಪ್ಪಲ್ಲ ಮಾರಾಯ. ತಾಮ್ರ ಮರ ತಿನ್ನುವ ಬೂಸ್ಟನ್ನು ತಡೆಯುವುದು ಹೌದು. ಆದರೆ ಬರೀ ಮೈಲುತುತ್ತು ನೀರಲ್ಲಿ ಕರಗಿ ತೊಳೆದುಹೋಗುತ್ತದೆ, ಕಬ್ಬಿಣದ ಮೊಳೆ ಸ್ಕ್ರೂ ಎಲ್ಲ ತಿಂದುಹಾಕುತ್ತದೆ. ಬೋರ್ಡೋ ಸುಣ್ಣ ಸೇರಿದ್ದು, ಮೇಲ್ಮೈಯಲ್ಲಿ ಪುಡಿಯಾಗಿ ಕೂರುತ್ತದೆ, ಅದರ ಮೇಲೆ ವಾರ್ನಿಷ್ ಹಾಕಿದರೆ ಪುಡಿಗೆ ಅಂಟಿದ ಹಾಗಾಯಿತು, ಮರಕ್ಕಲ್ಲ. ಅದು ತೋಟಕ್ಕೇ ಇರಲಿ.

ಮೊಗ್ರಾಲ್ ಅಳಿವೆ:
ನಾನು ಫೈಬರ್ ದೋಣಿ ರಿಪೇರಿ ಕೆಲಸದವ. ಇಷ್ಟು ಹೊತ್ತು ಓದಿದೆ, ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ದೋಣಿ ರಾತ್ರಿ ಎಲ್ಲಿರುತ್ತದೆ? ಕಡವಿನಲ್ಲಿ ನೀರಲ್ಲೇ ಕಟ್ಟಿ ಬಿಡುತ್ತೀರಾ, ಎಳೆದು ಮಗುಚಿ ಹಾಕುತ್ತೀರಾ? ಇದರ ಮೇಲೆಯೇ ಎಲ್ಲ ನಿಂತಿದೆ.

ಕೆಲಸ ಮುಗಿದ ಕೂಡಲೇ ಎಳೆದು, ಸೂರಿನ ಅಡಿ ಮಗುಚಿ ಹಾಕುವ ದೋಣಿಗೆ ನಿಮ್ಮ ಎಣ್ಣೆ ವಾರ್ನಿಷ್ ಸಾಕು. ವರ್ಷಕ್ಕೊಮ್ಮೆ ಉಜ್ಜಿ ಮತ್ತೆ ಬಳಿಯಬೇಕು ಅಷ್ಟೆ. ತಿಂಗಳುಗಟ್ಟಲೆ ನೀರಲ್ಲೇ ಇರುವುದಾದರೆ ಆಗುವುದಿಲ್ಲ. ಎಣ್ಣೆಯಾಗಲಿ ವಾರ್ನಿಷ್ ಆಗಲಿ ನೀರಿನ ಹನಿಯನ್ನು ತಡೆಯುತ್ತದೆ, ಆದರೆ ನೀರಾವಿ ನಿಧಾನಕ್ಕೆ ಒಳಗೆ ಹೋಗುತ್ತಲೇ ಇರುತ್ತದೆ. ಎಪಾಕ್ಸಿ ಮೂರು ಕೋಟ್ ಬಿದ್ದರೆ ಅದೂ ಬಹುಪಾಲು ನಿಲ್ಲುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ.

ಮತ್ತೊಂದು. ಎಲ್ಲರೂ ಹೊರಗಿನ ನೀರಿನ ಚಿಂತೆ ಮಾಡುತ್ತಾರೆ. ನಾನು ನೋಡಿದ ಮಟ್ಟಿಗೆ ಪ್ಲೈ ದೋಣಿ ಕುಂಬಾಗುವುದು ಒಳಗೆ ನಿಂತ ಮಳೆನೀರಿನಿಂದ. ಉಪ್ಪುನೀರಲ್ಲಿ ಬೂಸ್ಟು ಅಷ್ಟು ಬೆಳೆಯುವುದಿಲ್ಲ, ಸಿಹಿನೀರಲ್ಲಿ ಹಬ್ಬ. ನಿಮ್ಮ ಜಾಗ ಬಾವಿಕ್ಕರೆಯಿಂದ ಮೇಲೆ ಇರಬೇಕು, ಅಲ್ಲಿಗೆ ಉಪ್ಪುನೀರು ಬರುವುದಿಲ್ಲ. ಹಾಗಾಗಿ ಮರ ಕೊರೆಯುವ ಕಡಲ ಹುಳದ ಭಯ ನಿಮಗಿಲ್ಲ, ನಮಗೆ ಅಳಿವೆಯಲ್ಲಿ ಉಂಟು. ಆದರೆ ಕುಂಬಾಗುವ ಭಯ ನಿಮಗೆ ಜಾಸ್ತಿ. ಮೂಲೆಗಳಲ್ಲಿ, ಅಡ್ಡಪಟ್ಟಿಗಳ ಹಿಂದೆ ಎಲೆ ಮಣ್ಣು ಸೇರಿ ಒದ್ದೆಯಾಗಿಯೇ ಇರುವ ಜಾಗ ಉಂಟಲ್ಲ, ಮೊದಲು ಹೋಗುವುದು ಅಲ್ಲಿ. ಅಡ್ಡಪಟ್ಟಿ ಇಡುವಾಗ ನೀರು ಹರಿದುಹೋಗಲು ಕೆಳಗೆ ಬೆರಳು ಹೋಗುವಷ್ಟು ಕಂಡಿ ಬಿಡಿ.

ಪಯಸ್ವಿನಿ ಬದಿ:
ಅಣ್ಣ, ಸರಿಯಾಗಿ ಹಿಡಿದಿರಿ. ಅಕ್ಟೋಬರಿನಿಂದ ಜನವರಿವರೆಗೆ ಹೆಚ್ಚುಕಡಿಮೆ ನೀರಲ್ಲೇ ಇರುತ್ತದೆ. ದಿನಾ ಎಳೆಯಲಿಕ್ಕೆ ಜನ ಇಲ್ಲ, ದರೆ ಬೇರೆ ಕಡಿದು. ಹಾಗಾದರೆ ಮೊದಲು ನನ್ನ ಎಣ್ಣೆ ಕುಡಿಸಿ, ದುಡ್ಡು ಆದಾಗ ಅದರ ಮೇಲೆ ಎಪಾಕ್ಸಿ ಹಾಕಿದರೆ ಹೇಗೆ? ಎರಡೂ ಇದ್ದಂತಾಯಿತು.

ಮೊಗ್ರಾಲ್ ಅಳಿವೆ:
ಅದೊಂದು ಮಾಡಬೇಡಿ ಮಾರಾಯ್ರೇ! ಎಣ್ಣೆ ಒಮ್ಮೆ ಮರದೊಳಗೆ ಹೋದರೆ ಅದರ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಉಜ್ಜಿದರೂ ಹೋಗುವುದಿಲ್ಲ, ಒಳಗೆ ಇಳಿದಿರುತ್ತದಲ್ಲ. ವರ್ಷದೊಳಗೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ, ಎದ್ದ ಜಾಗದ ಅಡಿಗೆ ನೀರು ಸೇರಿದರೆ ಒಣಗುವ ದಾರಿಯೂ ಇಲ್ಲ. ಏನೂ ಬಳಿಯದ ಪ್ಲೈಗಿಂತ ಬೇಗ ಹಾಳಾಗುತ್ತದೆ. ಎಪಾಕ್ಸಿಯ ಮೇಲೆ ವಾರ್ನಿಷ್ ಧಾರಾಳ ಹಾಕಬಹುದು, ಹಾಕಲೇಬೇಕು. ಎಣ್ಣೆಯ ಮೇಲೆ ಎಪಾಕ್ಸಿ ಆಗದು. ಆದ್ದರಿಂದ ಮೊದಲ ಬ್ರಷ್ ಎಳೆಯುವ ಮೊದಲೇ ತೀರ್ಮಾನ ಆಗಬೇಕು. ವೇಸ್ಟ್ ಎಂಜಿನ್ ಆಯಿಲ್ ಬಳಿಯುವವರಿಗೂ ಇದೇ ಮಾತು. ಅದು ಹೊಳೆಗೂ ಕೇಡು, ಆಮೇಲೆ ಆ ಮರಕ್ಕೆ ಯಾವ ಬಣ್ಣವೂ ಕೂರುವುದಿಲ್ಲ.

ಬದಿಯಡ್ಕ ಆಚಾರಿ:
ಎಪಾಕ್ಸಿಗೆ ಅಷ್ಟು ದುಡ್ಡು ಹಾಕುವ ಬದಲು ನಿಮ್ಮ ಫೈಬರಿನ ರೆಸಿನ್ ಸಾಕಲ್ವಾ? ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟು ದ್ರಾವಣ, ಹಾರ್ಡನರ್ ಹಾಕಿ ಕಲಸುವುದು. ಮಂಗಳೂರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಕ್ರಯವೂ ಕಡಿಮೆ.

ಮೊಗ್ರಾಲ್ ಅಳಿವೆ:
ಅದು ಪಾಲಿಯೆಸ್ಟರ್ ರೆಸಿನ್. ಫೈಬರಿಗೆ ಫೈಬರ್ ಕೂರಿಸಲು ಒಳ್ಳೆಯದು. ಮರಕ್ಕೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಪ್ಲೈ ಸ್ವಲ್ಪ ಉಬ್ಬಿ ಕುಗ್ಗಿದರೆ ಬಿಡುತ್ತದೆ. ದಕ್ಷಿಣ ಕೇರಳದಲ್ಲಿ ಪ್ಲೈ ದೋಣಿಗೆ ಅದನ್ನೇ ಹಾಕಿ ಓಡಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಚು ಬಿಟ್ಟುಕೊಂಡ ದೋಣಿಗಳೇ ನನ್ನ ಹತ್ತಿರ ರಿಪೇರಿಗೆ ಬರುವುದು. ಹಾಕುವವರು ಒಂದು ನೆನಪಿಡಿ: ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟು ರೆಸಿನ್‌ಗೆ ಕಲಸಿ ಆಗಬೇಕು, ಆಮೇಲೆ ಹಾರ್ಡನರ್.

ಅಂದಹಾಗೆ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಕಡೆ 1980ರ ದಶಕದಿಂದಲೇ ಮೀನುಗಾರರು ಪ್ಲೈ ದೋಣಿಯಲ್ಲಿ ಕಡಲಿಗೆ ಇಳಿದವರು. ಪ್ಲೈ ಹಲಗೆಗಳನ್ನು ತಂತಿಯಲ್ಲಿ ಹೊಲಿದು, ಸಂದಿಗೆ ರೆಸಿನ್ ತುಂಬಿ, ಮೇಲೆ ಗ್ಲಾಸ್ ಬಟ್ಟೆ ಹಾಸುವುದು. ಪ್ಲೈ ಅಂದರೆ ನಾಲ್ಕು ದಿನದ್ದು ಅಂತ ಇಲ್ಲಿ ಹೇಳುವವರು ಅದನ್ನು ನೋಡಬೇಕು.

ಪೈಂಟ್ ಅಂಗಡಿ ಅಕ್ಕ:
ವಾರ್ನಿಷ್ ಬಗ್ಗೆ ನಾನು ಹೇಳುತ್ತೇನೆ, ಅಂಗಡಿಗೆ ಬಂದು ಎಲ್ಲರೂ ‘ಒಳ್ಳೆ ವಾರ್ನಿಷ್ ಕೊಡಿ’ ಅಂತಲೇ ಕೇಳುವುದು. ಬಾಗಿಲು, ಮೇಜಿಗೆ ಹಾಕುವ ಪಿಯು (ಪಾಲಿಯುರೆಥೇನ್) ವಾರ್ನಿಷ್ ಗಟ್ಟಿ, ಹೊಳಪು ಜಾಸ್ತಿ, ಆದರೆ ಬಗ್ಗುವುದಿಲ್ಲ, ಬಿಸಿಲಲ್ಲಿ ಬಿರಿದು ಏಳುತ್ತದೆ. ದೋಣಿಗೆ ಸ್ಪಾರ್ ವಾರ್ನಿಷ್ ಅಥವಾ ಮೆರೈನ್ ವಾರ್ನಿಷ್ ಅಂತ ಡಬ್ಬಿಯ ಮೇಲೆ ಬರೆದದ್ದು ಬೇಕು. ಅದರಲ್ಲಿ ಎಣ್ಣೆಯ ಪಾಲು ಹೆಚ್ಚು, ಮರ ಹಿಗ್ಗಿದರೆ ಜೊತೆಗೆ ಹಿಗ್ಗುತ್ತದೆ, ಬಿಸಿಲು ತಡೆಯುವ ಔಷಧ ಹಾಕಿರುತ್ತಾರೆ.

ಮೊದಲ ಕೋಟ್‌ಗೆ ವಾರ್ನಿಷ್ ಅರ್ಧ, ಟರ್ಪಂಟೈನ್ ಅರ್ಧ. ಅದೇ ನಿಮ್ಮ ಮನೆ ಸೀಲರ್, ಬೇರೆ ಎಂತದೂ ಬೇಡ. ಎರಡನೆಯದಕ್ಕೆ ಕಾಲು ಭಾಗ ಟರ್ಪಂಟೈನ್ ಸಾಕು. ಆಮೇಲೆ ಹಾಗೇ ಹಾಕಿ. ಪ್ರತಿ ಕೋಟಿನ ನಡುವೆ 220ರ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ ಒರೆಸಬೇಕು. ಲಿನ್ಸೀಡ್ ಸೇರಿಸಿದ ಸೀಲರ್ ನಾನು ನಮ್ಮ ಊರಿನ ಹವೆಗೆ ಹೇಳುವುದಿಲ್ಲ. ಜೂನ್ ಬಂತೆಂದರೆ ಅದರ ಮೇಲೆ ಕಪ್ಪು ಬೂಸ್ಟು ಹಿಡಿಯುತ್ತದೆ. ಎಣ್ಣೆ ಅಂದರೆ ಅದಕ್ಕೆ ಊಟ.

ನಿಜ ಹೇಳಬೇಕಾ? ನೀರಿನ ಮಟ್ಟದಿಂದ ಕೆಳಗೆ ವಾರ್ನಿಷ್ ದಂಡ. ಯಾರು ನೋಡುತ್ತಾರೆ? ಬಣ್ಣ ಹಾಕಿ. ಬಣ್ಣದಲ್ಲಿ ಇರುವ ಪುಡಿ ಬಿಸಿಲನ್ನು ತಡೆಯುತ್ತದೆ, ವಾರ್ನಿಷ್‌ಗಿಂತ ಹೆಚ್ಚು ಬಾಳುತ್ತದೆ, ಖರ್ಚೂ ಕಡಿಮೆ. ತಿಳಿ ಬಣ್ಣ ತೆಗೆದುಕೊಳ್ಳಿ, ಕಪ್ಪು ನೀಲಿ ಬಿಸಿಲಿಗೆ ಕಾದು ಒಳಗಿನ ಪ್ಲೈಗೆ ಕೇಡು. ವಾರ್ನಿಷ್ ಹುಟ್ಟಿಗೆ, ಕೂರುವ ಹಲಗೆಗೆ ಹಾಕಿ ಚಂದ ನೋಡಿ.

ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಮಾಷ್ಟ್ರು ಹೇಳಿದ ಹಾಗೆ ಅದು ಆಮ್ಲಜನಕ ಹಿಡಿಯುವಾಗ ಬಿಸಿಯಾಗುತ್ತದೆ, ತನ್ನಷ್ಟಕ್ಕೇ ಬೆಂಕಿ ಹತ್ತುತ್ತದೆ. ನೀರಲ್ಲಿ ಮುಳುಗಿಸಿಡಿ, ಇಲ್ಲವೇ ಬಯಲಲ್ಲಿ ಒಂದೊಂದೇ ಹರಡಿ ಒಣಗಿಸಿ.

ಗಡಿನಾಡ ಹುಡುಗ:
ಬಟ್ಟೆಗೆ ತನ್ನಷ್ಟಕ್ಕೇ ಬೆಂಕಿಯಾ ಅಕ್ಕ? ಇದು ಥರ್ಮೊಕೋಲ್‌ಗಿಂತ ದೊಡ್ಡ ವಿಡಿಯೋ ಆಗುತ್ತದೆ 😀

ಪೈಂಟ್ ಅಂಗಡಿ ಅಕ್ಕ:
ಮಾಡಿ ನೋಡಲಿಕ್ಕೆ ಹೋಗಬೇಡ ನೀನು.

ಪಯಸ್ವಿನಿ ಬದಿ:
ಸರಿ, ಎಪಾಕ್ಸಿಯೇ ಆಗಲಿ. ಉಳಿತಾಯಕ್ಕೆ ಥಿನ್ನರ್ ಹಾಕಿ ತೆಳು ಮಾಡಿದರೆ? ಚೆನ್ನಾಗಿ ಒಳಗೆ ಇಳಿಯುತ್ತದೆ ಅಂತಾರೆ. ಮತ್ತೆ ಎಷ್ಟು ಬೇಕಾದೀತು? ನಮ್ಮಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಶೆಡ್ ಉಂಟು, ಕೆಲಸ ಅದರೊಳಗೆ ಮಾಡಬಹುದಾ?

ಮೊಗ್ರಾಲ್ ಅಳಿವೆ:
ಥಿನ್ನರ್ ಬೇಡ. ಇಳಿಯುವುದು ಹೌದು, ಆದರೆ ಥಿನ್ನರ್ ಆರಿಹೋದ ಮೇಲೆ ಅದು ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ, ನೀರಾವಿಗೆ ಅದೇ ಬಾಗಿಲು. ಬಲವೂ ತಗ್ಗುತ್ತದೆ. ನಮ್ಮ ಊರಿನ ಸೆಕೆಗೆ ಎಪಾಕ್ಸಿ ತನ್ನಷ್ಟಕ್ಕೇ ತೆಳುವಾಗಿರುತ್ತದೆ.

ಶೆಡ್ ಸಿಕ್ಕಿದ್ದು ನಿಮ್ಮ ಅದೃಷ್ಟ. ಅಡಿಕೆ ಖಾಲಿ ಇರುವಾಗ ಮಾತ್ರ, ಇಲ್ಲದಿದ್ದರೆ ವಾಸನೆ ಹಿಡಿಯುತ್ತದೆ. ಪ್ಲೈ ತಂದ ಕೂಡಲೇ ಶೆಡ್ಡಲ್ಲಿ ನಿಲ್ಲಿಸಿ ಕೆಲವು ದಿನ ಒಣಗಲು ಬಿಡಿ. ಒದ್ದೆ ಪ್ಲೈಗೆ ಎಪಾಕ್ಸಿ ಹಾಕಿದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ಬಳಿಯುವ ದಿನ ಮಧ್ಯಾಹ್ನದವರೆಗೆ ಪ್ಲೈ ಶೆಡ್ಡಲ್ಲೇ ಬಿಸಿಯಾಗಲಿ, ಸುಮಾರು ನಾಲ್ಕು ಗಂಟೆಗೆ ಹೊರಗೆ ನೆರಳಿಗೆ ತಂದು, ತಣಿಯುತ್ತಿರುವಾಗ ಬಳಿಯಿರಿ. ಮರ ತಣಿಯುವಾಗ ಒಳಗಿನ ಗಾಳಿ ಕುಗ್ಗಿ ರೆಸಿನನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬಳಿದು ಬಿಸಿಲಿಗಿಟ್ಟರೆ ಉಲ್ಟಾ. ಗಾಳಿ ಹಿಗ್ಗಿ ಹೊರಬಂದು ಮೈಯೆಲ್ಲ ಗುಳ್ಳೆ ಏಳುತ್ತದೆ, ಪ್ರತಿ ಗುಳ್ಳೆ ಒಡೆದ ಜಾಗದಲ್ಲೂ ಸೂಜಿ ಮೊನೆಯ ತೂತು.

ಚದರ ಮೀಟರಿಗೆ ಒಂದು ಕೋಟ್‌ಗೆ ಹೆಚ್ಚುಕಡಿಮೆ 200 ಗ್ರಾಂ ಲೆಕ್ಕ ಇಡಿ. ನಿಮ್ಮ ದೋಣಿಯ ಹೊರಮೈ ಆರೇಳು ಚದರ ಮೀಟರ್ ಬಂದೀತು. ಮೂರು ಕೋಟ್‌ಗೆ ನಾಲ್ಕು ಕಿಲೋ. ಸಂದು, ಅಂಚು, ಒಳಗಿನ ಮೂಲೆಗೆ ಬೇರೆ. ಹಾರ್ಡನರನ್ನು ಕಣ್ಣಂದಾಜಿಗೆ ಸುರಿಯಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಅಂತ ಇಲ್ಲ, ಮೆತ್ತಗೆ ಉಳಿಯುತ್ತದೆ. ಒಮ್ಮೆಗೆ ಒಂದು ಲೋಟದಷ್ಟೇ ಕಲಸಿ, ಅಗಲ ಬಟ್ಟಲಿಗೆ ಸುರಿದಿಡಿ. ಆಳ ಪಾತ್ರೆಯಲ್ಲಿ ರಾಶಿ ಬಿಟ್ಟರೆ ಕಾದು ಹೊಗೆ ಬಂದು ಕಲ್ಲಾಗುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ಒಮ್ಮೆ ಅಲರ್ಜಿ ಶುರುವಾದರೆ ಮತ್ತೆ ಆ ಡಬ್ಬಿ ಮುಟ್ಟಲಿಕ್ಕಾಗುವುದಿಲ್ಲ.

ಮರುದಿನ ಮೈ ಮುಟ್ಟಿ ನೋಡಿ. ಸೋಪು ಹಚ್ಚಿದ ಹಾಗೆ ಜಾರಿದರೆ ಅದು ತೇವದ ಗಾಳಿಗೆ ಮೇಲೆ ಬಂದ ಪೊರೆ. ಉಜ್ಜುವ ಮೊದಲು ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಲ್ಲಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನೇ ತಿಕ್ಕಿ ಒಳಗೆ ಸೇರಿಸಿದಂತೆ, ಮೇಲಿನ ಬಣ್ಣ ಏಳುತ್ತದೆ. ಎಪಾಕ್ಸಿಗೆ ಬಿಸಿಲು ಆಗದು, ಕೊನೆಗೆ ಬಣ್ಣ ಅಥವಾ ವಾರ್ನಿಷ್ ಮರೆಯಬೇಡಿ.

ಬದಿಯಡ್ಕ ಆಚಾರಿ:
ಈಗ ನಾನು ಕೇಳುತ್ತೇನೆ, ಅಂಚಿನ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ? ಪ್ಲೈ ನೀರು ಕುಡಿಯುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಅಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ಒಂದು ಕಡೆ ಕುಡಿದದ್ದು ಗೇಣುದ್ದ ಒಳಗೆ ಹೋಗುತ್ತದೆ. ಅಂಚಿಗೆ ಒಂದು ಸಲ ಬಳಿದು, ಅದು ಕುಡಿದು ಮಂಕಾದ ಕೂಡಲೇ ಮತ್ತೆ ಬಳಿದು, ಹೊಳಪು ನಿಲ್ಲುವವರೆಗೆ ಬಿಡಬೇಡಿ. ಕೊಯ್ದ ಅಂಚಿನಲ್ಲಿ ಪದರದ ನಡುವೆ ಪೊಳ್ಳು ಕಂಡರೆ ಎಪಾಕ್ಸಿಗೆ ಗರಗಸದ ಹುಡಿ ಕಲಸಿ ತುಂಬಿ. ನಾಣ್ಯದಲ್ಲಿ ಶೀಟಿನ ಮೇಲೆ ತಟ್ಟುತ್ತಾ ಹೋಗಿ, ಶಬ್ದ ಬದಲಾದಲ್ಲಿ ಒಳಗೆ ಟೊಳ್ಳು. ಆ ಭಾಗ ಅಡಿಗೆ ಬರದ ಹಾಗೆ ಕೊಯ್ಯಿರಿ.

ಸ್ಕ್ರೂ ತೂತೂ ಅಂಚೇ. ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಹಾಕಿ ಸ್ಕ್ರೂ ಬಿಗಿಯಿರಿ. ಪ್ಲೈ ಎಂಟಡಿಯದ್ದು, ನಿಮ್ಮ ದೋಣಿ 12 ಅಡಿ, ಹಾಗಾಗಿ ಜೋಡಣೆ ಬರುತ್ತದೆ. ದಪ್ಪದ ಎಂಟು ಪಟ್ಟು ಉದ್ದ ಓರೆ ಕೆತ್ತಿ ಒಂದರ ಮೇಲೊಂದು ಕೂರಿಸಿ. 9 ಮಿಲಿಮೀಟರ್ ಪ್ಲೈ ಆದರೆ 72 ಮಿಲಿಮೀಟರ್ ಓರೆ. ಆ ಜೋಡಣೆಗೆ ಮರಗೆಲಸದ ಬಿಳಿ ಅಂಟು ಬೇಡ.

ಪಯಸ್ವಿನಿ ಬದಿ:
ಎಲ್ಲರಿಗೂ ಉಪಕಾರ. ಎರಡು ಅಂಗಡಿಯಿಂದ ತುಂಡು ತಂದು ಬಚ್ಚಲ ಒಲೆಯಲ್ಲಿ ಬೇಯಿಸಿದೆ. ಒಂದು ಸಂಜೆಯೊಳಗೆ ಪುಸ್ತಕದ ಹಾಗೆ ಬಿಚ್ಚಿಕೊಂಡಿತು, ಅದರ ಮೇಲೂ ದೊಡ್ಡದಾಗಿ ಮೆರೈನ್ ಅಂತ ಬರೆದಿತ್ತು. ಇನ್ನೊಂದು ಗಟ್ಟಿ ಉಂಟು, ಉಳಿ ಹಾಕಿದರೆ ನಾರು ಹರಿಯಿತು. ಅದನ್ನೇ ತರುತ್ತೇನೆ. ಅಡಿಗೆ 9, ಬದಿಗೆ 6 ಮಿಲಿಮೀಟರ್. ಹೊರಮೈ, ಎಲ್ಲ ಅಂಚು, ಒಳಗಿನ ಅಡಿ ಮತ್ತು ಮೂಲೆಗೆ ಎಪಾಕ್ಸಿ. ಒಳಬದಿಯ ಮೇಲ್ಭಾಗ, ಕೂರುವ ಹಲಗೆ, ಹುಟ್ಟಿಗೆ ಅಕ್ಕ ಹೇಳಿದ ಅರ್ಧ ಅರ್ಧದ ಸೀಲರ್, ಮೇಲೆ ಸ್ಪಾರ್ ವಾರ್ನಿಷ್. ಲಿನ್ಸೀಡ್ ತಂದದ್ದು ಒಂದು ಡಬ್ಬಿ ಉಳಿದಿದೆ, ಅದನ್ನು ಎಂತ ಮಾಡಲಿ?

ಬದಿಯಡ್ಕ ಆಚಾರಿ:
ಹಾರೆ, ಕತ್ತಿಯ ಹಿಡಿಗೆ ಹಚ್ಚಿ. ದೋಣಿ ಇರುವ ಶೆಡ್ಡಿಗೆ ಮಾತ್ರ ತರಬೇಡಿ, ಎಪಾಕ್ಸಿ ಹಾಕಿ ಮುಗಿಯುವವರೆಗೆ ಆ ಕೈಯಲ್ಲಿ ಪ್ಲೈ ಮುಟ್ಟುವುದೂ ಬೇಡ.